ಒಂದು ಬಾಟ್ಲಿ ಉಪ್ಪುನೀರು

ಆಸ್ಪತ್ರೆಯಿಂದ ಮನೆಗೆ ಮರಳಿದವರನ್ನು ನೋಡಲು ಬರುವ ನೆಂಟರಿಷ್ಟರ ಬಳಿ ಕಾಯಿಲೆ ಅಳೆಯುವ ಮಾನವೊಂದಿದೆ: ‘ಎಷ್ಟು ಬಾಟ್ಲಿ ಗ್ಲೂಕೋಸ್ ಹಾಕಿದ್ರು?’ ಒಂದೋ ಎರಡೋ ಅಂದರೆ ‘ಹಂಗಾದ್ರೆ ಪರವಾಗಿಲ್ಲ’. ಆರೇಳು ಅಂದರೆ ಕೇಳಿದವರ ಮುಖ ಸಪ್ಪಗಾಗುತ್ತದೆ. ಗಾಜಿನ ಬಾಟ್ಲಿ ಹೋಗಿ ಪ್ಲಾಸ್ಟಿಕ್ಕಿನದು ಬಂದು ಎಷ್ಟೋ ಕಾಲವಾಯಿತು. ಅದರೊಳಗಿರುವುದೂ ಎಷ್ಟೋ ಸಲ ಗ್ಲೂಕೋಸ್ ಆಗಿರುವುದಿಲ್ಲ, ಬರೀ ಉಪ್ಪುನೀರು, ಅಂದರೆ ಸಲೈನ್. ಒಂದು ಲೀಟರ್ ನೀರಿಗೆ ಒಂಬತ್ತು ಗ್ರಾಂ ಉಪ್ಪು. ಯಾವ ಅಡುಗೆಮನೆಯಲ್ಲೂ ಸಿಗುವ ಎರಡು ಪದಾರ್ಥ.

ಈ ಉಪ್ಪುನೀರಿಗೆ 2024ರ ಅಕ್ಟೋಬರ್‌ನಲ್ಲಿ ಅಮೆರಿಕದಲ್ಲಿ ಬರ ಬಂತು. ಆರೋಗ್ಯಕ್ಕಾಗಿ ಜಗತ್ತಿನಲ್ಲೇ ಅತಿ ಹೆಚ್ಚು ಹಣ ಸುರಿಯುವ ದೇಶ ಅದು. ರೋಬೋಟ್ ಕೈಯಿಂದ ಶಸ್ತ್ರಚಿಕಿತ್ಸೆ ಮಾಡುವ ಆಸ್ಪತ್ರೆಗಳು ಸಲೈನ್ ಚೀಲ ಎಣಿಸತೊಡಗಿದವು. ತುರ್ತಲ್ಲದ ಆಪರೇಷನ್‌ಗಳು ಮುಂದಕ್ಕೆ ಹೋದವು. ಬಾಯಿಂದ ಕುಡಿಯಬಲ್ಲ ರೋಗಿಗಳಿಗೆ ಡ್ರಿಪ್ ಬದಲು ನೀರು, ಗೇಟರೇಡ್‌ನಂಥ ಪಾನೀಯ ಕೊಡಿ ಎಂಬ ಸೂಚನೆ ವಾರ್ಡ್‌ಗಳಿಗೆ ಬಂತು.

ಕಾರಣ ಒಂದು ಚಂಡಮಾರುತ, ಒಂದು ಕಾರ್ಖಾನೆ. ಸೆಪ್ಟೆಂಬರ್ 26ರ ರಾತ್ರಿ ಫ್ಲೋರಿಡಾ ಕರಾವಳಿಗೆ ಅಪ್ಪಳಿಸಿದ ‘ಹೆಲೀನ್’ ಅಲ್ಲಿಗೇ ಸುಸ್ತಾಗಲಿಲ್ಲ. ಕಡಲಿನಿಂದ ನೂರಾರು ಕಿಲೋಮೀಟರ್ ಒಳಗಿರುವ ನಾರ್ತ್ ಕೆರೊಲಿನಾದ ಬೆಟ್ಟಗಾಡಿನ ಮೇಲೆ ಮಳೆ ಸುರಿಸಿತು. ಅಲ್ಲಿನ ಮೇರಿಯನ್ ಎಂಬ ಸಣ್ಣ ಊರಿನ ಹತ್ತಿರ, ನಾರ್ತ್ ಕೋವ್ ಕಣಿವೆಯಲ್ಲಿ ಬ್ಯಾಕ್ಸ್‌ಟರ್ ಕಂಪನಿಯ ಕಾರ್ಖಾನೆಯಿದೆ. ಒಡ್ಡು ಒಡೆದು ನೀರು ಒಳಗೆ ನುಗ್ಗಿತು, ಕಾರ್ಖಾನೆಗೆ ಹೋಗುವ ಸೇತುವೆಗಳು ಹಾಳಾದವು. ಎರಡೂವರೆ ಸಾವಿರ ಜನ ಕೆಲಸ ಮಾಡುವ ಆ ಜಾಗದಲ್ಲಿ ದಿನಕ್ಕೆ ಸುಮಾರು 15 ಲಕ್ಷ ಚೀಲ ದ್ರಾವಣ ತಯಾರಾಗುತ್ತಿತ್ತು. ಅಮೆರಿಕದ ಆಸ್ಪತ್ರೆಗಳು ರೋಗಿಗಳ ನರಕ್ಕೆ ಏರಿಸುವ ದ್ರಾವಣದಲ್ಲಿ ಶೇ 60ರಷ್ಟು ಆ ಒಂದು ಕಣಿವೆಯಿಂದ ಬರುತ್ತಿತ್ತು.

ಬ್ಯಾಕ್ಸ್‌ಟರ್ ತನ್ನ ಗಿರಾಕಿಗಳಿಗೆ ಪಡಿತರ ಘೋಷಿಸಿತು. ಮೊದಲಿಗೆ ಬಹುಪಾಲು ಆಸ್ಪತ್ರೆಗಳಿಗೆ ಸಿಕ್ಕಿದ್ದು ಮಾಮೂಲಿನ ಶೇ 40 ಮಾತ್ರ.

ಇದರ ಬೆನ್ನಿಗೇ ನಡೆದದ್ದನ್ನು ಕಾದಂಬರಿಯಲ್ಲಿ ಬರೆದರೆ ಅತಿಯಾಯಿತು ಎನ್ನುತ್ತಾರೆ. ಎರಡೇ ವಾರದಲ್ಲಿ ‘ಮಿಲ್ಟನ್’ ಎಂಬ ಇನ್ನೊಂದು ಚಂಡಮಾರುತ ಫ್ಲೋರಿಡಾದ ಕಡೆ ತಿರುಗಿತು. ಅದರ ದಾರಿಯಲ್ಲಿದ್ದದ್ದು ಡೇಟೋನಾ ಬೀಚ್‌ನಲ್ಲಿರುವ ಬಿ. ಬ್ರೌನ್ ಕಂಪನಿಯ ಕಾರ್ಖಾನೆ. ಅಲ್ಲಿ ತಯಾರಾಗುವುದೂ ಅದೇ ಉಪ್ಪುನೀರು! ಅಮೆರಿಕ ಸರ್ಕಾರ ಲಾರಿಗಳನ್ನು ಕಳಿಸಿ ಅರವತ್ತಕ್ಕೂ ಹೆಚ್ಚು ಲೋಡ್ ಸಲೈನನ್ನು ಉತ್ತರಕ್ಕೆ ಸಾಗಿಸಿತು. ಪ್ರವಾಹ ಬರುವ ಮುನ್ನ ದನಕರು, ದವಸ ಧಾನ್ಯವನ್ನು ದಿನ್ನೆಯ ಮೇಲಕ್ಕೆ ಸಾಗಿಸಿದ ಹಾಗೆ. ಈ ಸಲ ಅದೃಷ್ಟ ನೆಟ್ಟಗಿತ್ತು. ಮಿಲ್ಟನ್ ಆ ಕಾರ್ಖಾನೆಯನ್ನು ಮುಟ್ಟದೆ ಹೋಯಿತು.

ಇಷ್ಟು ಸರಳವಾದ ವಸ್ತುವನ್ನು ಇನ್ನೊಂದು ಕಡೆ ನಾಳೆಯೇ ತಯಾರಿಸಬಾರದೇಕೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಉಪ್ಪುನೀರು ಸರಳ ನಿಜ. ರಕ್ತಕ್ಕೆ ನೇರವಾಗಿ ಬೆರೆಯುವ ಉಪ್ಪುನೀರು ಬೇರೆಯೇ ಜಾತಿ. ನೀರು ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ. ಸತ್ತ ಬ್ಯಾಕ್ಟೀರಿಯಾದ ಹೊರಕವಚದ ಚೂರುಗಳು ಮಾತ್ರ ನೀರಿನಲ್ಲೇ ಉಳಿಯುತ್ತವೆ. ಕುಡಿದರೆ ಅವು ಏನೂ ಮಾಡುವುದಿಲ್ಲ. ನರಕ್ಕೆ ಸೇರಿದರೆ ಮೈ ಗಡಗಡ ನಡುಗುವ ಚಳಿಜ್ವರ ಬರುತ್ತದೆ, ರಕ್ತದೊತ್ತಡ ಕುಸಿಯಲೂಬಹುದು. ಹಾಗಾಗಿ ಆ ಚೂರುಗಳೂ ಇಲ್ಲದ ನೀರು ಬೇಕು. ಒತ್ತಡದ ಹಬೆಯಲ್ಲಿ ಬೇಯಿಸಿದರೂ ವಿಷ ಬಿಡದ ಪ್ಲಾಸ್ಟಿಕ್ ಬೇಕು. ಪ್ರತಿ ಯಂತ್ರಸಾಲೂ ಪ್ರತಿ ಸಲವೂ ಒಂದೇ ಗುಣಮಟ್ಟ ಕೊಡುತ್ತದೆಂದು ಔಷಧ ನಿಯಂತ್ರಕರ ಮುಂದೆ ಸಾಬೀತು ಮಾಡಬೇಕು. ಇದಕ್ಕೆ ತಿಂಗಳುಗಳಲ್ಲ, ವರ್ಷಗಳೇ ಹಿಡಿಯುತ್ತವೆ.

ಇಷ್ಟೆಲ್ಲ ಮಾಡಿದ ಮೇಲೆ ಸಿಗುವ ಬೆಲೆ ಚೀಲವೊಂದಕ್ಕೆ ಕೆಲವೇ ಡಾಲರ್. ಆಸ್ಪತ್ರೆಗಳು ಗುಂಪು ಕಟ್ಟಿಕೊಂಡು ಒಟ್ಟಿಗೆ ಖರೀದಿಸುತ್ತವೆ, ವರ್ಷಗಟ್ಟಲೆ ಕರಾರು ಮಾಡಿಕೊಂಡು ಬೆಲೆ ಇನ್ನೂ ಇಳಿಸುತ್ತವೆ. ಲಾಭದ ಅಂಚು ತೆಳ್ಳಗಾದಷ್ಟೂ ಸಣ್ಣ ಕಾರ್ಖಾನೆಗಳು ಬಾಗಿಲು ಹಾಕುತ್ತವೆ, ದೊಡ್ಡವು ಇನ್ನಷ್ಟು ದೊಡ್ಡವಾಗುತ್ತವೆ. ಕೊನೆಗೆ ಉಳಿಯುವುದು ಬೆರಳೆಣಿಕೆಯ ಕಂಪನಿಗಳು, ಹಗಲಿರುಳು ಓಡುವ ಕೆಲವೇ ಯಂತ್ರಸಾಲುಗಳು. ‘ಬೇಕಾದೀತು’ ಎಂದು ಸುಮ್ಮನೆ ನಿಲ್ಲಿಸಿಟ್ಟ ಯಂತ್ರಕ್ಕೆ ಯಾವ ಖರೀದಿದಾರನೂ ದುಡ್ಡು ಕೊಡುವುದಿಲ್ಲ. ಎಂಆರ್‌ಐ, ಕೃತಕ ಹೃದಯದ ಬಗ್ಗೆ ಚಿಂತಿಸುವವರು ಬೇಕಾದಷ್ಟು ಜನರಿದ್ದಾರೆ. ಹತ್ತಿ, ಸಿರಿಂಜು, ಸಲೈನ್ ಸದಾ ಸಿಗುತ್ತವೆ ಎಂಬ ಧೈರ್ಯವೇ ಅವುಗಳಿಗೆ ಕಂಟಕ. ಊರಿಗೆಲ್ಲ ಒಂದೇ ಬಾವಿ, ಅದು ಬತ್ತುವವರೆಗೂ ಇನ್ನೊಂದು ತೋಡುವ ಮಾತಿಲ್ಲ.

ಹಾಗೆಂದು ಅಮೆರಿಕಕ್ಕೆ ಮುನ್ಸೂಚನೆ ಇರಲಿಲ್ಲ ಎನ್ನುವಂತಿಲ್ಲ. 2017ರ ಸೆಪ್ಟೆಂಬರ್ 20ರಂದು ‘ಮರಿಯಾ’ ಚಂಡಮಾರುತ ಪೋರ್ಟೊ ರಿಕೊ ದ್ವೀಪದ ವಿದ್ಯುತ್ ಜಾಲವನ್ನೇ ಹರಿದುಹಾಕಿತು. ಬ್ಯಾಕ್ಸ್‌ಟರ್‌ನ ಸಣ್ಣ ಸಲೈನ್ ಚೀಲಗಳು, ಅಂದರೆ ಆಂಟಿಬಯೋಟಿಕ್ ಬೆರೆಸಿ ಹನಿಹನಿಯಾಗಿ ಕೊಡಲು ಬಳಸುವ 50, 100 ಮಿಲಿಲೀಟರ್‌ನವು, ತಯಾರಾಗುತ್ತಿದ್ದದ್ದು ಅಲ್ಲೇ. ಚೀಲ ಸಿಗದ ನರ್ಸ್‌ಗಳು ಔಷಧಿಯನ್ನು ಸಿರಿಂಜಿಗೆ ತುಂಬಿ, ರೋಗಿಯ ಪಕ್ಕದಲ್ಲೇ ನಿಂತು ನಿಧಾನವಾಗಿ ಒತ್ತತೊಡಗಿದರು. ಎಲ್ಲ ಆಸ್ಪತ್ರೆಗಳೂ ಇದೇ ದಾರಿ ಹಿಡಿದಾಗ ದೊಡ್ಡ ಸಿರಿಂಜುಗಳಿಗೂ ಕೊರತೆ ಬಂತು. ವಿಚಾರಣೆಗಳು ನಡೆದವು, ವರದಿಗಳು ಬಂದವು. ಏಳು ವರ್ಷದ ಮೇಲೆ ಮೇರಿಯನ್‌ನಲ್ಲಿ ನೀರು ಏರಿದಾಗ, ಅವೆಲ್ಲ ಗೋರ್ಕಲ್ಲ ಮೇಲೆ ಸುರಿದ ಮಳೆ ಎಂಬುದು ಗೊತ್ತಾಯಿತು.

ಡ್ರಿಪ್ ಮುಗಿದಾಗ ಬಾಯಿಗೆ ನೀರು ಎಂಬ ಉಪಾಯಕ್ಕೆ ಇತಿಹಾಸವಿದೆ, ಅದು ಭಾರತದ್ದು. ಡ್ರಿಪ್ ಅದಕ್ಕಿಂತ ಹಳೆಯದು. ರಕ್ತನಾಳಕ್ಕೆ ಉಪ್ಪುನೀರು ಹಾಕುವ ಪ್ರಯೋಗವನ್ನು 1832ರಷ್ಟು ಹಿಂದೆಯೇ ಸ್ಕಾಟ್ಲೆಂಡಿನ ಲೀತ್‌ನಲ್ಲಿ ಥಾಮಸ್ ಲಟ್ಟಾ ಎಂಬ ವೈದ್ಯ ಕಾಲರಾ ರೋಗಿಗಳ ಮೇಲೆ ಮಾಡಿದ್ದ. 1971ರಲ್ಲಿ, ಬಾಂಗ್ಲಾ ವಿಮೋಚನೆಯ ಯುದ್ಧಕ್ಕೆ ಹೆದರಿ ಲಕ್ಷಾಂತರ ನಿರಾಶ್ರಿತರು ಗಡಿ ದಾಟಿದಾಗ, ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರದಲ್ಲಿ ಅದೇ ಕಾಲರಾ ಹಬ್ಬಿತು. ರೋಗಿಗಳು ನೆಲದ ಮೇಲೆ ವಾಂತಿ ಭೇದಿಯ ನಡುವೆ ಮಲಗಿದ್ದರು, ಸಲೈನ್ ದಾಸ್ತಾನು ಮುಗಿಯುತ್ತ ಬಂದಿತ್ತು. ಡಾ. ದಿಲೀಪ್ ಮಹಲನಬಿಸ್ ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಗಳ ಮನೆಯವರ ಕೈಗೇ ಲೋಟ ಕೊಟ್ಟರು. ಶಿಬಿರದಲ್ಲಿ ಶೇ 30ರ ಆಸುಪಾಸಿನಲ್ಲಿದ್ದ ಸಾವಿನ ಪ್ರಮಾಣ ಶೇ 4ಕ್ಕಿಂತ ಕೆಳಗಿಳಿಯಿತು. ಇಂದು ಅಂಗನವಾಡಿಯಲ್ಲೂ ಸಿಗುವ ಓಆರ್‌ಎಸ್ ಪೊಟ್ಟಣದ ಹಿಂದೆ ಪೂರೈಕೆ ಕಡಿದುಹೋದ ಆ ಒಂದು ಮಳೆಗಾಲವಿದೆ. 2023ರಲ್ಲಿ ಮರಣೋತ್ತರವಾಗಿ ಮಹಲನಬಿಸ್ ಅವರಿಗೆ ಪದ್ಮವಿಭೂಷಣ ಬಂತು.

ಎಲ್ಲ ಕೊರತೆಗೂ ಮಳೆಗಾಳಿಯೇ ಕಾರಣವಲ್ಲ. 2022ರ ಏಪ್ರಿಲ್‌ನಲ್ಲಿ ಕೋವಿಡ್ ತಡೆಯಲು ಶಾಂಘೈ ನಗರಕ್ಕೆ ಬೀಗ ಬಿತ್ತು. ಆ ಬೀಗದ ಒಳಗೆ ಜಿಇ ಹೆಲ್ತ್‌ಕೇರ್‌ನ ಒಂದು ಕಾರ್ಖಾನೆಯೂ ಸಿಕ್ಕಿಕೊಂಡಿತು. ಸಿಟಿ ಸ್ಕ್ಯಾನ್ ಮಾಡುವ ಮೊದಲು ರೋಗಿಗೆ ಚುಚ್ಚುವ ಅಯೋಡಿನ್ ‘ಡೈ’ ಅಲ್ಲಿ ತಯಾರಾಗುತ್ತಿತ್ತು. ರಕ್ತನಾಳ, ಗೆಡ್ಡೆಗಳು ಚಿತ್ರದಲ್ಲಿ ಎದ್ದು ಕಾಣಬೇಕಾದರೆ ಈ ಡೈ ಬೇಕೇ ಬೇಕು. ಕೆಲವೇ ವಾರಗಳಲ್ಲಿ ಅಮೆರಿಕದ ಆಸ್ಪತ್ರೆಗಳು ಯಾರಿಗೆ ಡೈ ಹಾಕಿ ಸ್ಕ್ಯಾನ್ ಮಾಡಬೇಕು, ಯಾರಿಗೆ ಹಾಗೇ ಮಾಡಬೇಕು, ಯಾರನ್ನು ಕಾಯಿಸಬೇಕು ಎಂದು ಪಟ್ಟಿ ಮಾಡತೊಡಗಿದವು. ಎಮ್ಮೆಗೆ ಜ್ವರ, ಎತ್ತಿಗೆ ಬರೆ. ಸ್ಕ್ಯಾನ್ ಯಂತ್ರಗಳಿಗೆ ಏನೂ ಆಗಿರಲಿಲ್ಲ. ಕೋಟಿಗಟ್ಟಲೆ ಬೆಲೆಯ ಆ ಯಂತ್ರಗಳು ಒಂದು ಸೀಸೆ ದ್ರವಕ್ಕಾಗಿ ಕಾದು ಕೂತಿದ್ದವು. ಇದರ ಸರಪಳಿಯನ್ನು ಇನ್ನೂ ಹಿಂದಕ್ಕೆ ಎಳೆದರೆ ಚಿಲಿ ದೇಶದ ಅಟಕಾಮಾ ಮರುಭೂಮಿ ಸಿಗುತ್ತದೆ. ಜಗತ್ತಿನ ಅಯೋಡಿನ್‌ನ ದೊಡ್ಡ ಪಾಲು ಅಲ್ಲಿನ ಉಪ್ಪುಗಲ್ಲಿನಿಂದ ಬರುತ್ತದೆ, ಉಳಿದದ್ದರಲ್ಲಿ ಹೆಚ್ಚಿನದು ಜಪಾನಿನಿಂದ.

ಇನ್ನು ಕೆಲವು ಸಲ ವಸ್ತು ಇರುತ್ತದೆ, ಶುದ್ಧೀಕರಣ ಇರುವುದಿಲ್ಲ. ಹಬೆಯ ಬಿಸಿ ತಾಳದ ಪ್ಲಾಸ್ಟಿಕ್ ನಳಿಕೆಗಳನ್ನು ಎಥಿಲೀನ್ ಆಕ್ಸೈಡ್ ಅನಿಲದಲ್ಲಿಟ್ಟು ರೋಗಾಣು ಮುಕ್ತ ಮಾಡುತ್ತಾರೆ. ಅಮೆರಿಕದಲ್ಲಿ ಬಳಕೆಯಾಗುವ ಇಂಥ ಶುದ್ಧ ಸಾಧನಗಳಲ್ಲಿ ಅರ್ಧದಷ್ಟು ಈ ಅನಿಲದ ಕೋಣೆ ಹೊಕ್ಕು ಬಂದವು. ಅನಿಲವಾದರೋ ಕ್ಯಾನ್ಸರ್‌ಕಾರಕ. ಶಿಕಾಗೊ ಬಳಿಯ ವಿಲೋಬ್ರೂಕ್‌ನ ನಿವಾಸಿಗಳು ಊರ ನಡುವಿನ ಇಂಥ ಘಟಕದ ವಿರುದ್ಧ ಎದ್ದರು, 2019ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಅದನ್ನು ನಿಲ್ಲಿಸಿತು. ಅವರ ಕೂಗಿನಲ್ಲಿ ನ್ಯಾಯವಿತ್ತು. ಆದರೆ ಗಂಟಲಲ್ಲಿ ರಂಧ್ರ ಮಾಡಿ ಉಸಿರಾಡಿಸಬೇಕಾದ ಮಕ್ಕಳಿಗೆ ಹಾಕುವ ಒಂದು ಬಗೆಯ ನಳಿಕೆ ಅಲ್ಲಿಂದಲೇ ಶುದ್ಧವಾಗಿ ಹೊರಡುತ್ತಿತ್ತು. ಆ ಮಕ್ಕಳ ತಂದೆತಾಯಿಗೆ ನಳಿಕೆ ಸಿಗದಾಯಿತು.

ಚಿಪ್‌ಗಳ ಕಥೆ ಬಹುಮಟ್ಟಿಗೆ ಎಲ್ಲರಿಗೂ ಗೊತ್ತಿರುವುದೇ. 2021–22ರಲ್ಲಿ ಕಾರು, ಮೊಬೈಲ್ ಕಂಪನಿಗಳು ಚಿಪ್‌ಗೆ ಮುಗಿಬಿದ್ದಾಗ ವೈದ್ಯಕೀಯ ಸಾಧನದವರು ಸಾಲಿನ ಕೊನೆಯಲ್ಲಿ ನಿಂತಿದ್ದರು. ಅವರು ಕೊಳ್ಳುವುದು ತೀರ ಕಡಿಮೆ, ಕೇಳುವ ಚಿಪ್ ಬಹಳ ಸಲ ಹಳೇ ಮಾದರಿಯದು. ನಿದ್ರೆಯಲ್ಲಿ ಉಸಿರು ಕಟ್ಟುವವರಿಗೆ ಯಂತ್ರ ತಯಾರಿಸುವ ರೆಸ್‌ಮೆಡ್ ಕಂಪನಿ, ವೈದ್ಯರಿಗೆ ತಾನಾಗಿ ಮಾಹಿತಿ ಕಳಿಸುವ ಚಿಪ್ಪನ್ನೇ ಕಿತ್ತು, ಬದಲಿಗೆ ಮೆಮೊರಿ ಕಾರ್ಡ್ ಹಾಕಿದ ಮಾದರಿಯನ್ನು ಮಾರುಕಟ್ಟೆಗೆ ಬಿಟ್ಟಿತು. ರೋಗಿಯ ಉಸಿರಿಗೆ ಬೇಕಾದದ್ದು ಉಳಿಸಿ ಮಿಕ್ಕಿದ್ದು ಬಿಡುವ ಈ ವಿವೇಕ ಮೆಚ್ಚುವಂಥದ್ದೇ.

ಭಾರತದ ಸ್ಥಿತಿಗೆ ಬಂದರೆ ಸಮಸ್ಯೆಗೆ ಎರಡು ಮುಖ. ಸಲೈನ್ ತಯಾರಿಸುವ ಕಾರ್ಖಾನೆಗಳು ಇಲ್ಲಿ ಹಲವು ರಾಜ್ಯಗಳಲ್ಲಿವೆ, ಒಂದು ಮುಳುಗಿದರೆ ದೇಶವೇ ಕಂಗೆಡುವುದಿಲ್ಲ. ಇಲ್ಲಿ ಕೇಳಬೇಕಾದ ಪ್ರಶ್ನೆ ಚೀಲದೊಳಗೆ ಏನಿದೆ ಎಂಬುದು. ಮೇರಿಯನ್ ಕಾರ್ಖಾನೆ ಮತ್ತೆ ತಲೆಯೆತ್ತುತ್ತಿದ್ದ ಅದೇ 2024ರ ನವೆಂಬರ್‌ನಲ್ಲಿ, ಬಳ್ಳಾರಿಯ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಅನುಮಾನ ಹೋದದ್ದು ಅವರಿಗೆ ಏರಿಸಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ಸಲೈನಿನ ಸಹೋದರ ಅದು, ಉಪ್ಪಿನ ಜೊತೆಗೆ ಪೊಟ್ಯಾಸಿಯಂ, ಕ್ಯಾಲ್ಸಿಯಂ, ಲ್ಯಾಕ್ಟೇಟ್ ಸೇರಿರುತ್ತದೆ. ದ್ರಾವಣ ಬಂದದ್ದು ಪಶ್ಚಿಮ ಬಂಗಾಳದ ಕಂಪನಿಯೊಂದರಿಂದ, ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮದ ಮೂಲಕ. ಆ ಕಂಪನಿಯ ಕೆಲವು ಬ್ಯಾಚ್‌ಗಳ ಬಗ್ಗೆ ರಾಜ್ಯದ ಪ್ರಯೋಗಾಲಯಗಳು ಮೊದಲೇ ತಕರಾರು ಎತ್ತಿದ್ದವು, ಕೇಂದ್ರದ ಪ್ರಯೋಗಾಲಯದ ವರದಿ ಮಾತ್ರ ಅದಕ್ಕೆ ವ್ಯತಿರಿಕ್ತವಾಗಿ ಬಂದಿತ್ತು. ಸಾವುಗಳ ನಂತರ ರಾಜ್ಯ ಸರ್ಕಾರ ಆ ದ್ರಾವಣದ ಬಳಕೆ ನಿಲ್ಲಿಸಿತು, ಔಷಧ ನಿಯಂತ್ರಕರ ಅಮಾನತೂ ಆಯಿತು. ಎರಡು ತಿಂಗಳೊಳಗೆ, 2025ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಮೇದಿನಿಪುರದಲ್ಲೂ ಬಾಣಂತಿಯೊಬ್ಬರ ಸಾವಿನ ನಂತರ ಅದೇ ಕಂಪನಿಯ ಹೆಸರು ಕೇಳಿಬಂತು.

ಸರ್ಕಾರಿ ಖರೀದಿಯ ಕಚೇರಿಗಳಲ್ಲಿ ‘ಎಲ್-1’ ಎಂಬ ಮಾತು ಓಡಾಡುತ್ತದೆ. ಟೆಂಡರ್‌ನಲ್ಲಿ ಎಲ್ಲರಿಗಿಂತ ಕಡಿಮೆ ಬೆಲೆ ಬರೆದವರು ಎಲ್-1. ಅರ್ಹತೆಯ ಹೊಸ್ತಿಲು ದಾಟಿದವರಲ್ಲಿ ಎಲ್-1ಗೇ ಮಣೆ. ಬಿಟ್ಟು ಬೇರೆಯವರಿಗೆ ಕೊಟ್ಟರೆ ಆಡಿಟ್‌ನವರಿಗೆ ಉತ್ತರ ಹೇಳಬೇಕು. ಅಮೆರಿಕದಲ್ಲಿ ಚೌಕಾಸಿಯ ಭಾರ ಕಾರ್ಖಾನೆಗಳ ಸಂಖ್ಯೆಯ ಮೇಲೆ ಬಿದ್ದಿದ್ದರೆ, ಇಲ್ಲಿ ಅದು ಬೀಳುವ ಜಾಗ ಗುಣಮಟ್ಟ. ಎರಡೂ ಕಡೆ ಕೆಲವು ರೂಪಾಯಿ, ಕೆಲವು ಡಾಲರ್ ಉಳಿಸಿದವರು ತಮ್ಮ ಕೆಲಸ ಸರಿಯಾಗಿಯೇ ಮಾಡಿದ್ದೇವೆ ಎಂದು ನಂಬಿದ್ದರು ಎಂಬುದೇ ಇದರಲ್ಲಿನ ಸಂಕಟ.

ಇನ್ನೊಂದು ಮುಖ ಯಂತ್ರಗಳದ್ದು. ಭಾರತದಲ್ಲಿ ಬಳಕೆಯಾಗುವ ವೈದ್ಯಕೀಯ ಸಾಧನಗಳಲ್ಲಿ ಶೇ 70ರಿಂದ 80ರಷ್ಟು ಹೊರಗಿನವು ಎಂಬುದು ಉದ್ಯಮದವರು ಬಹುಕಾಲದಿಂದ ಹೇಳುತ್ತ ಬಂದ ಅಂದಾಜು. ಇಲ್ಲೇ ತಯಾರಿಸುವವರನ್ನು ಹುರಿದುಂಬಿಸಲು ಕೇಂದ್ರ ಸರ್ಕಾರ 2020ರಲ್ಲಿ 3,420 ಕೋಟಿ ರೂಪಾಯಿಯ ಪ್ರೋತ್ಸಾಹ ಯೋಜನೆ ತಂದಿತು. ಇಲ್ಲೇ ತಯಾರಿಸುವುದು ಎಷ್ಟು ಕಷ್ಟ ಎಂಬುದಕ್ಕೆ ಆ ವರ್ಷದ ಬೇಸಿಗೆಯಲ್ಲಿ ಮೈಸೂರು, ಬೆಂಗಳೂರಿನಲ್ಲೇ ಪಾಠ ನಡೆಯಿತು.

ಮಾರ್ಚ್ 2020. ವೆಂಟಿಲೇಟರ್‌ಗಾಗಿ ಜಗತ್ತೆಲ್ಲ ಒಂದೇ ಸಲ ಕೈಚಾಚಿತ್ತು. ಮಾಸ್ಕ್, ಗೌನು, ವೆಂಟಿಲೇಟರ್ ಹೊರಗೆ ಹೋಗದಂತೆ ದೇಶಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದವು. ಭಾರತವೂ ಹಾಕಿತು. ಮೈಸೂರಿನ ಸ್ಕ್ಯಾನ್‌ರೇ ಟೆಕ್ನಾಲಜೀಸ್ ಬಳಿ ತಾನೇ ರೂಪಿಸಿದ ಐಸಿಯು ವೆಂಟಿಲೇಟರ್‌ನ ವಿನ್ಯಾಸವಿತ್ತು, ಆದರೆ ಸಾವಿರಾರು ತಯಾರಿಸುವ ಶಕ್ತಿಯಿರಲಿಲ್ಲ. ರೇಡಾರ್ ತಯಾರಿಸುವ ಭಾರತ್ ಎಲೆಕ್ಟ್ರಾನಿಕ್ಸ್, ಅಂದರೆ ಬೆಂಗಳೂರಿನವರ ಬಿಇಎಲ್, ಬಳಿ ಯಂತ್ರ, ಜನ, ಶಿಸ್ತು ಇತ್ತು. ಇಬ್ಬರೂ ಕೈಜೋಡಿಸಿದರು, ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ಜೊತೆಯಾಯಿತು. ಕೇಂದ್ರ ಆರೋಗ್ಯ ಇಲಾಖೆಯಿಂದ 30,000 ವೆಂಟಿಲೇಟರ್‌ಗಳ ಆರ್ಡರ್ ಬಂತು.

ಯಂತ್ರದ ಪೆಟ್ಟಿಗೆ, ಪರದೆ, ತಂತಿ ಇವೆಲ್ಲ ಹೇಗೋ ಆಗುತ್ತಿತ್ತು. ಕೊರಳು ಹಿಡಿದದ್ದು ಸಣ್ಣ ಬಿಡಿಭಾಗಗಳು. ಗಾಳಿಯ ಹರಿವನ್ನು ಕೂದಲೆಳೆಯಷ್ಟು ಹೆಚ್ಚು ಕಡಿಮೆ ಮಾಡುವ ಪ್ರಪೋರ್ಷನಲ್ ವಾಲ್ವ್. ಎಷ್ಟು ಗಾಳಿ ಹೋಯಿತು ಎಂದು ಅಳೆಯುವ ಫ್ಲೋ ಸೆನ್ಸರ್. ಅದರಲ್ಲಿ ಆಮ್ಲಜನಕ ಎಷ್ಟು ಎಂದು ಹೇಳುವ ಆಕ್ಸಿಜನ್ ಸೆನ್ಸರ್. ಇವನ್ನು ಸಾಮಾನ್ಯ ದಿನಗಳಲ್ಲಿ ವಿದೇಶಿ ಕಂಪನಿಗಳಿಂದ ತರಿಸಿಕೊಳ್ಳುತ್ತಿದ್ದರು. ಈಗ ಆ ಕಂಪನಿಗಳ ಬಾಗಿಲಲ್ಲಿ ಜಗತ್ತಿನ ಎಲ್ಲ ವೆಂಟಿಲೇಟರ್ ತಯಾರಕರೂ ನಿಂತಿದ್ದರು, ಪ್ರಯಾಣಿಕರ ವಿಮಾನಗಳೂ ಹಾರುತ್ತಿರಲಿಲ್ಲ. ಕ್ಷಿಪಣಿ, ವಿಮಾನಗಳಿಗೆ ಭಾಗ ಮಾಡಿಕೊಡುತ್ತಿದ್ದ ದೇಶಿ ಕಾರ್ಖಾನೆಗಳನ್ನು ಹುಡುಕಿ ವಾಲ್ವ್, ಸೆನ್ಸರ್ ಇಲ್ಲೇ ಮಾಡಿಸುವ ಕೆಲಸ ಶುರುವಾಯಿತು. ಬಿಇಎಲ್ 30,000 ವೆಂಟಿಲೇಟರ್‌ಗಳನ್ನು ಆ ವರ್ಷ ಮಾಡಿ ಮುಗಿಸಿದ್ದು ಸಣ್ಣ ಸಾಧನೆಯಲ್ಲ.

ಯಂತ್ರ ಆಸ್ಪತ್ರೆ ಸೇರಿದ ಮೇಲೆ ಶುರುವಾಗುವ ಕಥೆಗೆ ಅಷ್ಟು ಪ್ರಚಾರವಿಲ್ಲ. 2020ಕ್ಕೂ ಐದು ವರ್ಷ ಮೊದಲು, ರಾಷ್ಟ್ರೀಯ ಆರೋಗ್ಯ ಅಭಿಯಾನದಡಿ ದೇಶದ ಸರ್ಕಾರಿ ಆಸ್ಪತ್ರೆಗಳ ಯಂತ್ರಗಳನ್ನು ಎಣಿಸುವ ಕೆಲಸ ಆರಂಭವಾಗಿತ್ತು. 29,115 ಆಸ್ಪತ್ರೆ, ಆರೋಗ್ಯ ಕೇಂದ್ರಗಳಲ್ಲಿ 7,56,750 ಯಂತ್ರಗಳು ಲೆಕ್ಕಕ್ಕೆ ಸಿಕ್ಕವು. ರಾಜ್ಯಕ್ಕೆ ತಕ್ಕಂತೆ ಅವುಗಳಲ್ಲಿ ಶೇ 13ರಿಂದ 34ರಷ್ಟು ಕೆಟ್ಟು ನಿಂತಿದ್ದವು. ಆಸ್ಪತ್ರೆಗಳ ಬಯೋಮೆಡಿಕಲ್ ಎಂಜಿನಿಯರ್‌ಗಳನ್ನು ಕೇಳಿದರೆ ಕಾರಣಗಳ ದೊಡ್ಡ ಪಟ್ಟಿಯೇ ಬರುತ್ತದೆ: ವಾರ್ಷಿಕ ನಿರ್ವಹಣೆಯ ಕರಾರು (ಎಎಂಸಿ) ಮುಗಿದಿದೆ, ಬಿಡಿಭಾಗ ತಯಾರಿಸುವುದನ್ನೇ ಕಂಪನಿ ನಿಲ್ಲಿಸಿದೆ, ಫಿಲ್ಟರ್ ಖರೀದಿಯ ಕಡತ ಜಿಲ್ಲೆಯಿಂದ ಬೆಂಗಳೂರಿಗೆ ಹೋಗಿದೆ.

ಕೊರತೆ ತಪ್ಪಿಸಲು ಎಲ್ಲವನ್ನೂ ಮೊದಲೇ ಕೊಂಡು ಕೂಡಿಡಬಹುದಲ್ಲ ಎಂಬ ಮಾತೂ ಬರುತ್ತದೆ. ಲೀಟರ್ ಸಲೈನ್ ಚೀಲವೆಂದರೆ ಕೆಜಿ ಭಾರ, ಸಾವಿರ ಚೀಲಕ್ಕೆ ಒಂದು ಟನ್. ಅದಕ್ಕೆ ಗೋದಾಮು ಬೇಕು, ಅವಧಿ ಮೀರುವ ಮುನ್ನ ತಿರುಗಿಸಿ ಬಳಸಬೇಕು. ಅಮೆರಿಕದ ಔಷಧ ನಿಯಂತ್ರಕರು 2024ರ ಬರದಲ್ಲಿ ಕೆಲವು ಚೀಲಗಳ ಅವಧಿಯನ್ನು ವಿಸ್ತರಿಸಿದರು, ಚೀನಾ, ಐರ್ಲೆಂಡ್, ಕೆನಡಾ, ಬ್ರಿಟನ್ನಿನ ಕಾರ್ಖಾನೆಗಳಿಂದ ದ್ರಾವಣವನ್ನು ಆಮದು ಮಾಡಿಕೊಳ್ಳಲು ಬಿಟ್ಟರು.

ವೆಂಟಿಲೇಟರ್‌ಗಳಲ್ಲಿ ಸಾಮಾನ್ಯವಾಗಿ ಬಳಸುವ ಆಕ್ಸಿಜನ್ ಸೆನ್ಸರ್‌ಗೆ ಅಷ್ಟೂ ಸಾವಧಾನವಿಲ್ಲ. ಅದೊಂದು ಪುಟ್ಟ ಬ್ಯಾಟರಿ. ಒಳಗಿನ ಸೀಸ ಆಮ್ಲಜನಕದ ಜೊತೆ ಸೇರಿ ಸವೆಯುತ್ತ ವಿದ್ಯುತ್ ಹುಟ್ಟಿಸುತ್ತದೆ, ಆ ವಿದ್ಯುತ್ತೇ ಅಳತೆ. ಒಂದೆರಡು ವರ್ಷಕ್ಕೆ ಸೀಸ ತೀರುತ್ತದೆ, ಸೆನ್ಸರ್ ಬದಲಿಸಬೇಕು. ಅದರ ಸುತ್ತ ಇರುವ ಗಾಳಿಯಲ್ಲೂ ಆಮ್ಲಜನಕವಿದೆಯಲ್ಲ. ಹಾಗಾಗಿ ಮೂಲೆಯಲ್ಲಿ ಬಟ್ಟೆ ಮುಚ್ಚಿ ನಿಲ್ಲಿಸಿದ, ಒಬ್ಬ ರೋಗಿಗೂ ಉಸಿರು ಕೊಡದ ವೆಂಟಿಲೇಟರ್‌ನೊಳಗೂ ಅದು ದಿನಾ ಸವೆಯುತ್ತಲೇ ಇರುತ್ತದೆ.